ಹಳೆಯ ಜಡೆಕುಚ್ಚಿಗೆ ರಾಣಿ ಬಣ್ಣ ಮರಳಿಸಿದ ಕೆಲಸದ ದಾಖಲೆ

1. ವಸ್ತುವಿನ ಸ್ಥಿತಿ

ದುರಸ್ತಿಗೆ ಬಂದದ್ದು ಮೂರು ಗೊಂಡೆಗಳ ಒಂದು ಜಡೆಕುಚ್ಚು. ಕಪ್ಪು ಹತ್ತಿ ಹುರಿಯ ಮೇಲ್ತುದಿಯಿಂದ ಗೊಂಡೆಯ ಕೆಳತುದಿಯವರೆಗೆ ಅದರ ಉದ್ದ 46 ಸೆಂ.ಮೀ., ಒಟ್ಟು ತೂಕ 71 ಗ್ರಾಂ. ಪ್ರತಿ ಗೊಂಡೆಯ ತಲೆಯ ಮೇಲೆ ಗಂಟೆಯಾಕಾರದ ಬೆಳ್ಳಿ ಟೋಪಿ, ಅದರ ಕೆಳಗೆ ಒಂದೂವರೆ ಸೆಂ.ಮೀ. ಅಗಲಕ್ಕೆ ನೇರಳೆ ರೇಷ್ಮೆಯ ಸುತ್ತು, ಅದರ ಕೆಳಗೆ 11 ಸೆಂ.ಮೀ. ಉದ್ದದ ರಾಣಿ ಬಣ್ಣದ (ಕಡುಗುಲಾಬಿ) ಎಳೆಗಳಿವೆ. ರಾಣಿ ಬಣ್ಣ ಎಂದು ಈಗ ಹೇಳುವುದು ಉಪಚಾರಕ್ಕೆ ಮಾತ್ರ, ಏಕೆಂದರೆ ಹೊರಗಿನ ಎಳೆಗಳು ಒಣಗಿದ ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ಇಳಿದಿದ್ದವು. ಟೋಪಿಯ ಒಳಗೆ ಬೆಳಕು ತಾಗದೆ ಉಳಿದಿದ್ದ ಅರ್ಧ ಸೆಂ.ಮೀ. ಭಾಗದಲ್ಲಿ ಮಾತ್ರ ಮೂಲ ಬಣ್ಣ ಹೊಳೆಯುತ್ತಿತ್ತು. ಮುಂದಿನ ಕೆಲಸಕ್ಕೆಲ್ಲ ಆ ಅರ್ಧ ಸೆಂ.ಮೀ. ತುಣುಕೇ ಮಾದರಿಯಾಯಿತು.

ಬಾಡಿದ್ದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಜಡೆಗೆ ಮುಡಿದ ಒದ್ದೆ ಮಲ್ಲಿಗೆ ದಂಡೆಯ ನೀರು ಇಳಿದಾಗಲೆಲ್ಲ ಈ ಕುಚ್ಚು ಬಣ್ಣ ಬಿಟ್ಟು ರವಿಕೆಯ ಬೆನ್ನಿಗೂ ಸೀರೆಗೂ ಕಲೆ ಮಾಡುತ್ತಿತ್ತು. ತಂಗಿಯ ಮಗಳು ಮದುವೆಯಲ್ಲಿ ಇದನ್ನೇ ಹಾಕಿಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ, ಅವಳ ಧಾರೆಯ ಸೀರೆ ಕೆನೆ ಬಣ್ಣದ್ದು. ಆದ್ದರಿಂದ ಬಣ್ಣ ಬಿಡಬಾರದು ಎಂಬುದು ಮೊದಲ ಷರತ್ತಾಯಿತು, ಹಳೆಯ ಹೊಳಪು ಮರಳಬೇಕು ಎಂಬುದು ಎರಡನೆಯದು.

ಕುಚ್ಚನ್ನು ಕೈಗಿಡುವಾಗ ದೊಡ್ಡಮ್ಮ ಮೂರನೆಯದೊಂದನ್ನು ಸೇರಿಸಿದರು: “ಇದು ನಮ್ಮಮ್ಮನ ಮದುವೆಯದು ಕಣೇ, ಅರಗಿನ ಬಣ್ಣ. ಈಗಿನ ಕೆಮಿಕಲ್ ಹಾಕಿ ಕೆಡಿಸಬೇಡ.” “ಆಗಲಿ ದೊಡ್ಡಮ್ಮ, ಮೊದಲು ಪರೀಕ್ಷೆ ಮಾಡಿ ನೋಡ್ತೀನಿ” ಎಂದಷ್ಟೇ ಹೇಳಿ ಕುಚ್ಚನ್ನು ಮನೆಗೆ ತಂದುಕೊಂಡೆ.

2. ಬಣ್ಣ ಯಾವುದೆಂಬ ಪರೀಕ್ಷೆ

ಬೇಕಾದದ್ದು ಹತ್ತಿ ಉಂಡೆ, ಸರ್ಜಿಕಲ್ ಸ್ಪಿರಿಟ್, ವಾಷಿಂಗ್ ಸೋಡಾ, ಶೌಚಾಲಯ ತೊಳೆಯುವ ಆಸಿಡ್ ಮತ್ತು ಖೋಟಾ ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ (ರೂ. 250). ಪ್ರತಿ ಪರೀಕ್ಷೆಗೂ ಒಳಭಾಗದಿಂದ ಎರಡು ಮೂರು ಎಳೆ ಕತ್ತರಿಸಿಕೊಂಡರೆ ಸಾಕಾಗುತ್ತದೆ.

ಅರಗಿನ ಕೆಂಪು, ಅಂದರೆ ಅರಗಿನ ಹುಳುವಿನಿಂದ ಸಿಗುವ ಬಣ್ಣ, ಸೋಡಾದಂಥ ಕ್ಷಾರಕ್ಕೆ ತಾಗಿದರೆ ನೇರಳೆಗೆ ತಿರುಗುತ್ತದೆ. ಗುಲಾಬಿ ಎಳೆಯ ಮೇಲೆ ಸೋಡಾ ನೀರು ಹಾಕಿದಾಗ ಬಣ್ಣ ಬಿಟ್ಟಿತೇ ಹೊರತು ತಿರುಗಲಿಲ್ಲ. ಸ್ಪಿರಿಟ್ಟಿನಲ್ಲಿ ಅದ್ದಿದ ಕೂಡಲೇ ಬಣ್ಣ ಹೊಳೆಯಂತೆ ಹರಿಯಿತು, ಆ ಸ್ಪಿರಿಟ್ಟಿನ ಮೇಲೆ ಟಾರ್ಚ್ ಹಿಡಿದಾಗ ಅದು ಕಿತ್ತಳೆ ಕೆಂಡದಂತೆ ಬೆಳಗಿತು. ಎಳೆಗಳು ತಾವಾಗಿ ಅಷ್ಟು ಬೆಳಗಲಿಲ್ಲ, ಏಕೆಂದರೆ ಬಣ್ಣ ದಟ್ಟವಾಗಿದ್ದಲ್ಲಿ ಈ ಹೊಳಪು ತನ್ನನ್ನು ತಾನೇ ನುಂಗಿಕೊಳ್ಳುತ್ತದೆ. ಟಾರ್ಚನ್ನು ನೇರವಾಗಿ ದಾರದ ಮೇಲೆ ಹಿಡಿದು “ಏನೂ ಕಾಣಲಿಲ್ಲ” ಎಂದು ಕೈಬಿಡುವವರು ಇದನ್ನು ಗಮನಿಸಬೇಕು. ನೇರಳೆ ಸುತ್ತಿನ ಒಂದು ಎಳೆಗೆ ಆಸಿಡ್ ತೊಟ್ಟು ಬಿದ್ದಾಗ ಅದು ಹಸಿರಾಯಿತು, ನೀರಿನಲ್ಲಿ ಜಾಲಿಸಿದಾಗ ಮತ್ತೆ ನೇರಳೆಗೆ ಮರಳಿತು.

ಗುಲಾಬಿಯ ವರ್ತನೆ ರೋಡಮೈನ್ ಬಣ್ಣದ್ದು, ನೇರಳೆಯದು ಮೀಥೈಲ್ ವಯಲೆಟ್ಟಿನದು. ಎರಡೂ ಕಲ್ಲಿದ್ದಲ ಡಾಂಬರಿನಿಂದ ಹುಟ್ಟಿದ ಬಣ್ಣಗಳು. ಇವುಗಳ ವಂಶಾವಳಿ 1856ಕ್ಕೆ ಹೋಗುತ್ತದೆ. ಆ ವರ್ಷ 18ರ ಹರೆಯದ ವಿಲಿಯಂ ಹೆನ್ರಿ ಪರ್ಕಿನ್ ಲಂಡನ್ನಿನ ತನ್ನ ಮನೆಯಲ್ಲಿ ಕ್ವಿನೀನ್ ತಯಾರಿಸಲು ಹೊರಟು, ಅದರ ಬದಲು ರೇಷ್ಮೆಗೆ ಹಿಡಿಯುವ ನೇರಳೆ ಬಣ್ಣವೊಂದನ್ನು ಪಡೆದ. ಮಾವ್ ಎಂದು ಹೆಸರಾದ ಆ ಬಣ್ಣ ಮೊದಲು ಗೆದ್ದದ್ದು ರಿಬ್ಬನ್ನಿನಂಥ ಚಿಕ್ಕ ಅಲಂಕಾರಗಳಲ್ಲಿ. ಲಂಡನ್ನಿನ ಹಾಸ್ಯಪತ್ರಿಕೆಯೊಂದು 1859ರಲ್ಲಿ ಇದನ್ನು ದಡಾರಕ್ಕೆ ಹೋಲಿಸಿ, ರೋಗದ ಮೊದಲ ಲಕ್ಷಣವೆಂದರೆ ತಲೆ ಮತ್ತು ಕತ್ತಿನ ಸುತ್ತ ರಿಬ್ಬನ್ನುಗಳು ಏಳುವುದು ಎಂದು ಗೇಲಿ ಮಾಡಿತ್ತು. ಅದೇ ಹೊತ್ತಿಗೆ ಫ್ರಾನ್ಸಿನ ಲಿಯೋನ್ ನಗರದಲ್ಲಿ ವರ್ಗೆನ್ ಎಂಬಾತ ಕಂಡುಹಿಡಿದ ಕಡುಗುಲಾಬಿಗೆ, ಆ ವರ್ಷದ ಜೂನಿನಲ್ಲಿ ಇಟಲಿಯಲ್ಲಿ ನಡೆದ ಕದನದ ಊರಿನಿಂದ ಮೆಜೆಂಟಾ ಎಂಬ ಹೆಸರು ಅಂಟಿತು. ಮೀಥೈಲ್ ವಯಲೆಟ್ ಬಂದದ್ದು 1861ರಲ್ಲಿ, ರೋಡಮೈನ್ ಬಂದದ್ದು ಜರ್ಮನಿಯಿಂದ 1887ರಲ್ಲಿ.

ಆದ್ದರಿಂದ ಈ ಗುಲಾಬಿ 1887ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಅಜ್ಜಿಯ ಮದುವೆಯ ಕಾಲಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಹಳೆಯದೆಲ್ಲ ಬೇರು ತೊಗಟೆಗಳ ಬಣ್ಣ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಅಜ್ಜಿಯ ಕಾಲದ ಪೇಟೆಯಲ್ಲಿ ಹೊಸದು, ಬೆಡಗಿನದು ಎನಿಸಿಕೊಂಡಿದ್ದು ಡಬ್ಬಿಯಲ್ಲಿ ಬರುತ್ತಿದ್ದ ವಿಲಾಯತಿ ಪುಡಿ; ಮದುವೆಗೆ ಹೊಸ ಕುಚ್ಚು ಕೊಳ್ಳುವವರು ಆರಿಸಿಕೊಂಡಿದ್ದೂ ಅದನ್ನೇ.

3. ಬಿಚ್ಚುವಿಕೆ

ಬಿಚ್ಚುವ ಮೊದಲು ಪ್ರತಿ ಗೊಂಡೆಯ ನಾಲ್ಕು ಬದಿಯ ಚಿತ್ರ ತೆಗೆದು, ಜರಿ ಸುತ್ತಿನ ದಿಕ್ಕನ್ನು ಕಾಗದದ ಮೇಲೆ ಬಾಣದ ಗುರುತಿನಿಂದ ಬರೆದಿಟ್ಟೆ. ಟೋಪಿಗಳನ್ನು ಹಿಡಿದಿದ್ದದ್ದು ಮೇಣ ಹಚ್ಚಿದ ದಾರದ ಎರಡು ಗಂಟುಗಳು ಮಾತ್ರ. ಒಂದು ಗೊಂಡೆಯಲ್ಲಿ 7.8 ಗ್ರಾಂ ರೇಷ್ಮೆ ಸಿಕ್ಕಿತು, ಉಳಿದ ಎರಡೂ ಅದರ ಆಸುಪಾಸಿನಲ್ಲೇ ಇದ್ದವು. ಟೋಪಿಗಳನ್ನು ಮೃದುವಾದ ಬ್ರಷ್ಷಿನಿಂದ ಒಣದಾಗಿಯೇ ಉಜ್ಜಿದೆ. ಹುಣಸೆಹಣ್ಣು ಹಾಕಿದ್ದರೆ ಕೂಡಲೇ ಹೊಳೆಯುತ್ತಿದ್ದವು, ಆದರೆ ಟೋಪಿಯ ಅಂಚಿನಲ್ಲಿ ಚಿನ್ನದ ನೀರು ಕೊಟ್ಟ ಜರಿ ಇರುವುದರಿಂದ ಹುಳಿಯ ಗೊಡವೆಗೆ ಹೋಗಲಿಲ್ಲ.

ಹಳೆಯ ರೇಷ್ಮೆಯನ್ನೇ ಮತ್ತೆ ಬಣ್ಣ ಹಾಕಿ ಬಳಸುವ ಯೋಚನೆ ಇಲ್ಲಿಯೇ ಬಿದ್ದುಹೋಯಿತು. ಬೆರಳುಗಳ ನಡುವೆ ಎಳೆದರೆ ಹೊರಗಿನ ಎಳೆಗಳು ಪುಡಿಯಾಗಿ ಬರುತ್ತಿದ್ದವು.

4. ಹೊಸ ರೇಷ್ಮೆ, ಅಂಟು ತೆಗೆಯುವುದು

ಹುರಿ ಮಾಡಿದ ಕಚ್ಚಾ ರೇಷ್ಮೆಯ 100 ಗ್ರಾಂ ಲಡಿಗೆ ರೂ. 650 ಕೊಟ್ಟೆ. ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಸೀರೆ ಕುಚ್ಚಿಗೆಂದು ಸಿಗುವ ‘ಸಿಲ್ಕ್ ಥ್ರೆಡ್’ ಬಹುಪಾಲು ರೇಯಾನ್ ಆಗಿರುತ್ತದೆ. ಸುಟ್ಟಾಗ ಕಾಗದದ ವಾಸನೆ ಬಂದರೆ ರೇಯಾನ್, ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಮುಂದೆ ಹೇಳುವ ಯಾವ ವಿಧಾನವೂ ರೇಯಾನಿಗೆ ಹೊಂದುವುದಿಲ್ಲ.

ಮೂರು ಲೀಟರ್ ಆರ್.ಓ. ನೀರಿಗೆ ತುರಿದ ಸೌಮ್ಯ ಸಾಬೂನು 20 ಗ್ರಾಂ ಹಾಕಿ, 90ರಿಂದ 95 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಲಡಿಯನ್ನು ನಿಧಾನವಾಗಿ ತಿರುವುತ್ತಿರಬೇಕು. ಕುದಿ ಉಕ್ಕಿದರೆ ಎಳೆಗಳು ಸಿಕ್ಕಾಗುತ್ತವೆ. ಒಣಗಿದ ಮೇಲೆ 100 ಗ್ರಾಂ 76 ಗ್ರಾಂ ಆಗಿತ್ತು, ಹೋದದ್ದೆಲ್ಲ ರೇಷ್ಮೆಹುಳುವಿನ ಅಂಟು. ಆ ಹಳದಿ ಸಾಬೂನು ನೀರನ್ನು ಮೋರಿಗೆ ಚೆಲ್ಲಿಬಿಟ್ಟೆ. ಅದು ಎಷ್ಟು ಬೆಲೆಬಾಳುವ ವಸ್ತು ಎಂಬುದು ಆರನೆಯ ಹಂತದಲ್ಲಿ ಗೊತ್ತಾಯಿತು.

5. ಅರಗಿನ ಬಣ್ಣದ ಪ್ರಯತ್ನ

ಪರೀಕ್ಷೆಯ ಫಲ ಏನೇ ಇದ್ದರೂ ದೊಡ್ಡಮ್ಮನ ಮಾತಿಗೆ ಒಂದು ಅವಕಾಶ ಕೊಡಬೇಕೆನಿಸಿತು. ಇಪ್ಪತ್ತು ಗ್ರಾಂ ರೇಷ್ಮೆಗೆ 3 ಗ್ರಾಂ ಪಟಿಕ ಕರಗಿಸಿದ ನೀರನ್ನು ರಾತ್ರಿಯಿಡೀ ಉಣಿಸಿ, ಬೆಳಿಗ್ಗೆ ಅರಗಿನ ಬಣ್ಣದ ಪುಡಿ 4 ಗ್ರಾಂ ಹಾಕಿದ ನೀರಿನಲ್ಲಿ 80 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟೆ. ಮೊದಲ ಸಲ ಬೋರ್‌ವೆಲ್ ನೀರು ಬಳಸಿದ್ದರಿಂದ, ಅದರ ಸುಣ್ಣದ ಅಂಶಕ್ಕೆ ಬಣ್ಣ ನೀಲಿಯ ಕಡೆಗೆ ವಾಲಿ ಹಳೆಯ ಗಾಯದಂತೆ ಕಾಣಿಸಿತು. ಆರ್.ಓ. ನೀರಿನಲ್ಲಿ ಮತ್ತೆ ಮಾಡಿದಾಗ ಗಂಭೀರವಾದ, ನಿಜಕ್ಕೂ ಸುಂದರವಾದ ಕಡುಗೆಂಪು ಬಂತು. ಒಂದು ಚಮಚ ವಿನೆಗರ್ ಸೇರಿಸಿದಾಗ ಅದು ಇನ್ನಷ್ಟು ಕೆಂಪಾಯಿತು.

ಆದರೆ ಟೋಪಿಯೊಳಗಿನ ಮಾದರಿಯ ಪಕ್ಕದಲ್ಲಿ ಇಟ್ಟಾಗ ಎರಡಕ್ಕೂ ಸಂಬಂಧವೇ ಇರಲಿಲ್ಲ. ಪಟಿಕ ಹೆಚ್ಚಿಸಿ, ಪುಡಿ ತಗ್ಗಿಸಿ ನೋಡಿದರೆ ಬಣ್ಣ ತೆಳುವಾಯಿತೇ ವಿನಾ ಕಣ್ಣು ಕುಕ್ಕುವ ಗುಲಾಬಿ ಬರಲಿಲ್ಲ. 1850ರ ದಶಕದವರೆಗೆ ಬಣ್ಣಗಾರರ ಕೈಯಲ್ಲಿದ್ದ ಅರಗು, ಮಂಜಿಷ್ಠ, ಕಾಚಿನೀಲ್ ಹುಳು ಇವುಗಳಿಂದ ಸಿಗುತ್ತಿದ್ದ ಕೆಂಪುಗಳೆಲ್ಲ ಈ ಮನೆತನದವು. ಅವುಗಳಿಗೆ ಒಗ್ಗಿದ ಕಣ್ಣಿಗೆ ಮೆಜೆಂಟಾದ ರಿಬ್ಬನ್ ಮೊದಲ ಸಲ ಬಿದ್ದಾಗ ಹೇಗನಿಸಿರಬಹುದೆಂದು ಈ ಎರಡು ಲಡಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದವರು ಸುಲಭವಾಗಿ ಊಹಿಸಬಹುದು.

6. ಆ ಕಾಲದ ಬಣ್ಣಗಳನ್ನೇ ಬಳಸಿದ ಪ್ರಯತ್ನ

ಮೀಥೈಲ್ ವಯಲೆಟ್ಟಿಗಾಗಿ ದೂರ ಹೋಗಬೇಕಾಗಿಲ್ಲ, ಗಾಯಕ್ಕೆ ಹಚ್ಚುವ ಜೆನ್ಶನ್ ವಯಲೆಟ್ ಅದೇ ಕುಲದ್ದು. ಔಷಧದ ಅಂಗಡಿಯಲ್ಲಿ ರೂ. 40ಕ್ಕೆ ಸಿಕ್ಕಿದ ಶೇ. 1ರ ದ್ರಾವಣದ 10 ಮಿ.ಲೀ.ಯಲ್ಲಿ 0.1 ಗ್ರಾಂ ಬಣ್ಣ ಇರುತ್ತದೆ, ಅಂದರೆ 10 ಗ್ರಾಂ ರೇಷ್ಮೆಗೆ ನೂರಕ್ಕೆ ಒಂದು ಪಾಲು. ಅಷ್ಟು ಬಣ್ಣಕ್ಕೇ ಕಡುನೇರಳೆ ಬಂತು, ಪಟಿಕವೂ ಬೇಕಾಗಲಿಲ್ಲ. ಆದರೆ ಬಂದ ರೀತಿ ಹದಗೆಟ್ಟಿತ್ತು. ಲಡಿ ನೀರಿಗಿಳಿದ ಕ್ಷಣವೇ ಹೊರಗಿನ ಎಳೆಗಳು ಬಣ್ಣವನ್ನೆಲ್ಲ ಎಳೆದುಕೊಂಡು, ಒಳಗಿನವು ತಿಳಿನೀಲಕದಲ್ಲೇ ಉಳಿದವು.

ಪರ್ಕಿನ್ ಎದುರಿಸಿದ್ದೂ ಇದೇ ತೊಡಕನ್ನು, ರೇಷ್ಮೆಯ ಮೇಲೆ ಸಮನಾಗಿ ಹರಡಲು ಅವನು ಸಾಬೂನಿನ ನೀರನ್ನು ಬಳಸಿದ. ರೇಷ್ಮೆ ಬಣ್ಣಗಾರರು ಇದಕ್ಕಾಗಿ ಅಂಟು ತೆಗೆದ ಹಳೆಯ ಸಾಬೂನು ನೀರನ್ನೇ ಎತ್ತಿಡುತ್ತಿದ್ದರು, ಏಕೆಂದರೆ ಅದರಲ್ಲಿ ಕರಗಿರುವ ರೇಷ್ಮೆಯ ಅಂಟು ಬಣ್ಣವನ್ನು ತಡೆದು ತಡೆದು ಬಿಟ್ಟುಕೊಡುತ್ತದೆ. ಅದನ್ನು ಚೆಲ್ಲಿ ಆಗಿದ್ದರಿಂದ ಇನ್ನೊಂದು ಲಡಿ ತಂದು ಮತ್ತೆ ಅಂಟು ತೆಗೆಯಬೇಕಾಯಿತು. ಆ ನೀರಿನ 200 ಮಿ.ಲೀ., ಸಾದಾ ನೀರಿನ 200 ಮಿ.ಲೀ. ಸೇರಿಸಿ, ಬಣ್ಣವನ್ನು ಮೂರು ಕಂತಿನಲ್ಲಿ ಹಾಕಿ, ತಣ್ಣೀರಿನಿಂದ ಆರಂಭಿಸಿ 45 ನಿಮಿಷದಲ್ಲಿ 70 ಡಿಗ್ರಿಗೆ ಏರಿಸಿದಾಗ ಬಂದ ನೇರಳೆ ಅಂಗಡಿಯ ದಾರದಷ್ಟು ಸಮನಾಗಿತ್ತು.

ರೋಡಮೈನ್ ಪುಡಿ ಬಣ್ಣದ ಅಂಗಡಿಯಲ್ಲಿ 25 ಗ್ರಾಂಗೆ ರೂ. 90. ಕಾಟನ್ ಕ್ಯಾಂಡಿಗೂ ಗೋಬಿ ಮಂಚೂರಿಗೂ ಇದನ್ನು ಹಾಕಬಾರದೆಂದು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು. ಅದೇ ವಸ್ತು ಇದು. ಕೈಗವಸು, ಮುಖಗವಸು, ಅಡುಗೆಗೆ ಎಂದೂ ಮರಳದ ಪಾತ್ರೆ, ಈ ಮೂರೂ ಇಲ್ಲದೆ ಪೊಟ್ಟಣ ಬಿಚ್ಚಬಾರದು. ಹತ್ತು ಗ್ರಾಂ ರೇಷ್ಮೆಗೆ ಕೇವಲ 0.08 ಗ್ರಾಂ ಸಾಕಾಯಿತು. ಲಡಿ ಮೇಲೆತ್ತಿದಾಗ ಟೋಪಿಯೊಳಗಿನ ಮಾದರಿಗೂ ಇದಕ್ಕೂ ಹಗಲಿನ ಬೆಳಕಿನಲ್ಲಿ ವ್ಯತ್ಯಾಸ ಹುಡುಕುವುದು ಕಷ್ಟವಾಯಿತು.

ಬಣ್ಣ ಹೊಂದಿತು, ಆದರೆ ಷರತ್ತು ಈಡೇರಲಿಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ಒಂದು ರಾತ್ರಿ ಭಾರದ ಕೆಳಗೆ ಇಟ್ಟಾಗ ಗುಲಾಬಿಯೂ ನೇರಳೆಯೂ ಬಟ್ಟೆಯ ಮೇಲೆ ಅಚ್ಚೊತ್ತಿದವು. ಅಳಲೆಕಾಯಿಯ ಕಷಾಯದಲ್ಲಿ ಅದ್ದಿದರೆ ಬಣ್ಣ ಗಟ್ಟಿಯಾಗುತ್ತದೆಂದು ಮಾಡಿ ನೋಡಿದೆ. ಬಿಡುವುದು ಸ್ವಲ್ಪ ತಗ್ಗಿತು, ಗುಲಾಬಿ ಮಾತ್ರ ಮಬ್ಬಾಯಿತು. ಅಳಲೆಯಂಥ ಕಾಯಿಗಳ ಒಗರಿನ ಜೊತೆಗೆ ಆಂಟಿಮನಿಯ ಲವಣ ಸೇರಿಸುವ ಹಳೆಯ ಕ್ರಮ ಇದಕ್ಕಿಂತ ಪರಿಣಾಮಕಾರಿ, ಆದರೆ ಆಂಟಿಮನಿ ವಿಷ. ಆರಂಭದ ಮೆಜೆಂಟಾ ಕಾರ್ಖಾನೆಗಳು 1860ರಿಂದ ಆರ್ಸೆನಿಕ್ ಆಮ್ಲ ಬಳಸಿ ಬಣ್ಣ ತಯಾರಿಸಿ ಸುತ್ತಲಿನ ನೀರನ್ನು ಕೆಡಿಸಿದ ಚರಿತ್ರೆ ಗೊತ್ತಿದ್ದೂ ಮದುಮಗಳ ಬೆನ್ನಿಗೆ ತಾಗುವ ವಸ್ತುವಿನಲ್ಲಿ ಅಂಥದ್ದನ್ನು ಸೇರಿಸಲು ಮನಸ್ಸು ಒಪ್ಪಲಿಲ್ಲ.

7. ಬೆಳಕಿನ ಪರೀಕ್ಷೆ

ಅರಗು, ರೋಡಮೈನ್, ಮೀಥೈಲ್ ವಯಲೆಟ್ ಈ ಮೂರರ ಎಳೆಗಳನ್ನು ರಟ್ಟಿಗೆ ಸುತ್ತಿ, ಅರ್ಧ ಭಾಗವನ್ನು ಕಪ್ಪು ಕಾಗದದಿಂದ ಮುಚ್ಚಿ, ಪಶ್ಚಿಮದ ಕಿಟಕಿಯ ಗಾಜಿಗೆ ಅಂಟಿಸಿದೆ. ಒಂದು ವಾರದೊಳಗೆ ನೇರಳೆಯಲ್ಲಿ ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ಗೆರೆ ಎಳೆದಂತೆ ವ್ಯತ್ಯಾಸ ಕಂಡಿತು. ಗುಲಾಬಿಯ ಗೆರೆ ಅದರ ಹಿಂದೆಯೇ ಬಂತು. ಅರಗಿನಲ್ಲಿ ಎರಡು ವಾರದ ಮೇಲೂ ಗೆರೆ ಹುಡುಕಬೇಕಾಗಿತ್ತು. ದೊಡ್ಡಮ್ಮನಿಗೆ ಈ ರಟ್ಟನ್ನು ತೋರಿಸಿದಾಗ ಅವರು ಅರಗಿನ ಪಕ್ಷವನ್ನೇ ವಹಿಸಿದರು; ಬಾಳಿಕೆಯ ವಿಷಯದಲ್ಲಿ ಅವರ ಮಾತು ಸರಿಯಾಗಿಯೇ ಇತ್ತು.

8. ಆಸಿಡ್ ಬಣ್ಣ

ಉಣ್ಣೆ ಮತ್ತು ರೇಷ್ಮೆಗೆಂದು ಮಾರುವ, ಹುಳಿ ನೀರಿನಲ್ಲಿ ಹಿಡಿಯುವ ಆಸಿಡ್ ಬಣ್ಣಗಳಲ್ಲಿ ಸಾಮಾನ್ಯ ಗುಲಾಬಿಯನ್ನು ಮೊದಲು ತಂದೆ. ನೀರಿಗೆ ಬಿಡಲಿಲ್ಲ, ಬೆಳಕಿಗೂ ಅಷ್ಟಾಗಿ ಜಗ್ಗಲಿಲ್ಲ, ಆದರೆ ಮಾದರಿಯ ಪಕ್ಕದಲ್ಲಿ ಜೀವವಿಲ್ಲದಂತೆ ಕಂಡಿತು. ಮಾದರಿಯ ಹೊಳಪಿನಲ್ಲಿ ಒಂದು ಪಾಲು ಪ್ರತಿದೀಪ್ತಿಯದು (ಟಾರ್ಚಿನ ಕೆಳಗೆ ಕಂಡ ಆ ಬೆಳಗುವ ಗುಣ), ಅದು ಈ ಬಣ್ಣದಲ್ಲಿಲ್ಲ. ಕೊನೆಗೆ ಉಪಯೋಗಕ್ಕೆ ಬಂದದ್ದು ಆಸಿಡ್ ರೆಡ್ 52. ಇದು ರೋಡಮೈನಿನ ದಾಯಾದಿ, ಅದೇ ಒಡಲಿಗೆ ಗಂಧಕದ ಆಮ್ಲಗುಂಪು ಸೇರಿಸಿದ್ದರಿಂದ ವಿನೆಗರ್ ನೀರಿನಲ್ಲಿ ರೇಷ್ಮೆಗೆ ಹಿಡಿಯುತ್ತದೆ. ಪ್ರತಿದೀಪ್ತಿಯೂ ಉಳಿದಿದೆ, ಬೆಳಕಿಗೆ ಬಾಡುವ ಗುಣವೂ ಸ್ವಲ್ಪ ಮಟ್ಟಿಗೆ ಉಳಿದಿದೆ.

ಆದ್ದರಿಂದ ಎರಡನ್ನೂ ಬೆರೆಸಿದೆ. ಮೂವತ್ತು ಗ್ರಾಂ ರೇಷ್ಮೆಗೆ ಆಸಿಡ್ ರೆಡ್ 52 0.3 ಗ್ರಾಂ, ಸಾಮಾನ್ಯ ಆಸಿಡ್ ಗುಲಾಬಿ 0.1 ಗ್ರಾಂ, ವಿನೆಗರ್ 30 ಮಿ.ಲೀ., ನೀರು 1.2 ಲೀಟರ್. ನಲವತ್ತು ಡಿಗ್ರಿಯಿಂದ 40 ನಿಮಿಷದಲ್ಲಿ 85ಕ್ಕೆ ಏರಿಸಿ, ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ಪಾತ್ರೆಯಲ್ಲೇ ತಣಿಯಲು ಬಿಡಬೇಕು. ಬಿಸಿಯಿರುವಾಗಲೇ ತಣ್ಣೀರಿಗೆ ಹಾಕಿದ ಒಂದು ಚಿಕ್ಕ ಲಡಿ ಹೊಳಪು ಕಳೆದುಕೊಂಡಿತು. ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಇನ್ನೂ ತೆಳುವಾದ ನೆರಳು ಬಂದದ್ದರಿಂದ ಬಣ್ಣ ಬಿಡದಂತೆ ಹಿಡಿದಿಡುವ ಡೈ ಫಿಕ್ಸರ್ (ರೂ. 120) 0.6 ಗ್ರಾಂ ಹಾಕಿದ 40 ಡಿಗ್ರಿ ನೀರಿನಲ್ಲಿ 20 ನಿಮಿಷ ಇಟ್ಟೆ. ಆಮೇಲೆ ಬಟ್ಟೆ ಬಿಳಿಯಾಗಿಯೇ ಉಳಿಯಿತು. ನೇರಳೆ ಸುತ್ತಿಗೆ ಆಸಿಡ್ ವಯಲೆಟ್ಟನ್ನು ಇದೇ ಕ್ರಮದಲ್ಲಿ ಬಳಸಿದೆ, ಅದರಲ್ಲಿ ಹೇಳುವಂಥ ತೊಡಕೇನೂ ಬರಲಿಲ್ಲ.

ಹೊಂದಿಕೆಯನ್ನು ತಾರಸಿಯ ಬಿಸಿಲಿನಲ್ಲೂ ಮನೆಯ ಎಲ್ಇಡಿ ದೀಪದ ಕೆಳಗೂ ನೋಡಬೇಕು. ದೀಪದ ಕೆಳಗೆ ಸರಿಹೊಂದಿದ ಮೊದಲ ಮಿಶ್ರಣ ಬಿಸಿಲಿನಲ್ಲಿ ಗಜ್ಜರಿಯ ಕೆಂಪಿಗೆ ಹೊರಳಿತ್ತು. ಮೇಲೆ ಕೊಟ್ಟ ಅಳತೆ ಎರಡೂ ಕಡೆ ತೃಪ್ತಿ ಕೊಟ್ಟದ್ದು. ಬಿಸಿಲಿಗೆ ಇದು ಅರಗಿನಷ್ಟು ತಾಳದು ಎಂಬುದು ನಿಜ, ಆದರೆ ಮದುವೆಯ ದಿನ ಹಾಕಿ ಪೆಟ್ಟಿಗೆ ಸೇರುವ ವಸ್ತುವಿಗೆ ಬಿಸಿಲಿಗಿಂತ ಮಲ್ಲಿಗೆಯ ನೀರೇ ಹೆಚ್ಚಿನ ಶತ್ರು.

9. ಜೋಡಣೆ

ರಟ್ಟಿಗೆ ಎಳೆಗಳನ್ನು 7.8 ಗ್ರಾಂ ಆಗುವವರೆಗೆ ಸುತ್ತಿ, ಮೇಲ್ತುದಿಯಲ್ಲಿ ಮೇಣದ ದಾರದಿಂದ ಕಟ್ಟಿ, ಕೆಳತುದಿ ಕತ್ತರಿಸಿದೆ. ಎಣಿಸುವುದಕ್ಕಿಂತ ತೂಗುವುದು ಸುಲಭ, ಮೂರೂ ಗೊಂಡೆಗಳು ಒಂದೇ ದಪ್ಪಕ್ಕೆ ಬರುತ್ತವೆ. ಅಂಟು ತೆಗೆದ ರೇಷ್ಮೆ ಜಾರುವ ಸ್ವಭಾವದ್ದು. ಮೊದಲ ಗೊಂಡೆಯನ್ನು ಟೋಪಿಗೆ ಎಳೆದು ಕೂರಿಸಿ ಎರಡು ಸಲ ಜಗ್ಗುವಷ್ಟರಲ್ಲಿ ನಡುವಿನ ಎಳೆಗಳು ಕೈಗೆ ಬಂದವು. ಸರ ಪೋಣಿಸುವ ಹಿರಿಯರೊಬ್ಬರನ್ನು ಕೇಳಿದಾಗ, “ಒಂದು ಕಟ್ಟು ಸಾಲದಮ್ಮ, ಎರಡು ಕಟ್ಟು ಹಾಕಿ, ಎರಡನೆಯದು ಎಳೆ ಮಡಿಸಿದ ಮೇಲೆ ಬರಲಿ” ಎಂದರು. ಕಟ್ಟಿದ ಎಳೆಗಳನ್ನು ಕೆಳಕ್ಕೆ ಮಡಿಸಿ, ಮಡಿಕೆಯ 6 ಮಿ.ಮೀ. ಕೆಳಗೆ ಎರಡನೆಯ ಕಟ್ಟು ಹಾಕಿದ ಮೇಲೆ ಒಂದು ಎಳೆಯೂ ಜಾರಲಿಲ್ಲ.

ನೇರಳೆ ಸುತ್ತನ್ನು ಹಳೆಯ ಬಾಣದ ಗುರುತಿನ ದಿಕ್ಕಿನಲ್ಲೇ ಹಾಕಿ, ಜರಿಯನ್ನು ಮೊದಲಿದ್ದಂತೆ ಹೊಲಿದೆ. ಗೊಂಡೆಗೆ ಇಸ್ತ್ರಿ ಪೆಟ್ಟಿಗೆಯ ಹಬೆ ಕೊಟ್ಟು, ಸೀರಣಿಗೆಯಿಂದ ಬಾಚಿ, ಕಾಗದದ ಸುರುಳಿಯಲ್ಲಿ ಬಿಗಿದು ಅಂಚನ್ನು 11 ಸೆಂ.ಮೀ.ಗೆ ಕತ್ತರಿಸಿದೆ. ಸುರುಳಿಯಿಲ್ಲದೆ ಕತ್ತರಿಸಿದರೆ ಅಂಚು ಎಷ್ಟು ಮಾಡಿದರೂ ಓರೆಯಾಗುತ್ತದೆ.

10. ಖರ್ಚು ಮತ್ತು ಉಳಿದ ಕೆಲಸ

ಎರಡು ಲಡಿ ರೇಷ್ಮೆ ರೂ. 1,300, ಅರಗಿನ ಪುಡಿ 200, ಪಟಿಕ 10, ವಿನೆಗರ್ 60, ರೋಡಮೈನ್ 90, ಜೆನ್ಶನ್ ವಯಲೆಟ್ 40, ಆಸಿಡ್ ಬಣ್ಣಗಳು 260, ಡೈ ಫಿಕ್ಸರ್ 120, ಥರ್ಮಾಮೀಟರ್ 320, ಟಾರ್ಚ್ 250, ಮೇಣದ ದಾರ 80, ಬಳಸಿದ ಸ್ಟೀಲ್ ಪಾತ್ರೆ 350. ಒಟ್ಟು ರೂ. 3,080. ಸಾಬೂನು, ಸ್ಪಿರಿಟ್, ಅಳಲೆಕಾಯಿ ಮನೆಯಲ್ಲೇ ಇದ್ದವು. ನೇರವಾಗಿ ಎಂಟನೆಯ ಹಂತಕ್ಕೆ ಹೋಗುವವರಿಗೆ ಇದರ ಸುಮಾರು ಶೇ. 60 ಸಾಕು.

ಹಳೆಯ ರೇಷ್ಮೆಯನ್ನು ಬಿಸಾಡಿಲ್ಲ. ಯಾವ ಎಳೆಯಲ್ಲಿ ಯಾವ ಬಣ್ಣ ಕಂಡಿತೆಂದು ಬರೆದ ಚೀಟಿಯೊಡನೆ ಕಾಗದದ ಪೊಟ್ಟಣದಲ್ಲಿ ಕಟ್ಟಿ ದೊಡ್ಡಮ್ಮನಿಗೆ ಕೊಟ್ಟಿದ್ದೇನೆ. ಉಳಿದಿರುವುದು ಕಪ್ಪು ಹತ್ತಿ ಹುರಿ. ಅದು ಬಣ್ಣ ಬಿಡುತ್ತಿಲ್ಲ, ಆದರೆ ಬಾಗಿಸಿದ ಕಡೆ ನಾರು ಮುರಿಯುತ್ತಿದೆ. ಗಂಧಕದ ಕಪ್ಪಿನಲ್ಲಿ ಅದ್ದಿದ ಹತ್ತಿ ವರ್ಷಗಳು ಕಳೆದಂತೆ ತನ್ನೊಳಗೇ ಆಮ್ಲ ಹುಟ್ಟಿಸಿಕೊಂಡು ಜೀರ್ಣವಾಗುವುದುಂಟು, ಇದೂ ಆ ಜಾತಿಯದೇ ಇರಬಹುದು. ಮೂರು ಗೊಂಡೆಗಳ ಭಾರವನ್ನು ಅದು ಇನ್ನು ಹೊರಲಾರದು. ಮದುವೆಗೆ ಮುನ್ನ ಹೊಸ ಹುರಿ ಹೊಸೆದು, ಟೋಪಿಗಳ ಮೇಲಿನ ಕೊಂಡಿಗಳನ್ನು ಅದಕ್ಕೆ ವರ್ಗಾಯಿಸಬೇಕಾಗಿದೆ.